ಬ್ಯಾಂಕಾಕ್‌ನಿಂದ ಚಿಯಾಂಗ್ ಮಾಯ್‌ಗೆ ರಾತ್ರಿ ಗಾಡಿ: ಕೆಳಗಿನ ಬರ್ತಿಗೆ ನೂರು ಬಾತ್ ಹೆಚ್ಚು ಕೊಡಿ

ರಾತ್ರಿ ರೈಲಿನ ಗುಣಾವಗುಣಗಳನ್ನು ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಒಂದು ಸಹಿ ಹಾಕುವ ಕೆಲಸವಿದ್ದರೂ ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ಸನ್ನೋ ಬಸವ ಎಕ್ಸ್‌ಪ್ರೆಸ್ಸನ್ನೋ ಹತ್ತಿ, ಬೆಳಗ್ಗೆ ಇಳಿದು, ಮತ್ತೆ ಅಂದೇ ಸಂಜೆ ಗಾಡಿ ಹಿಡಿಯುವುದು ನಮಗೆ ರೂಢಿಯಾಗಿಬಿಟ್ಟಿದೆ. ಯಾವ ಬರ್ತ್ ಬಾಗಿಲಿಗೆ ಹತ್ತಿರ, ಎಲ್ಲಿ ಗಾಳಿ ಬರುತ್ತದೆ, ಎಲ್ಲಿ ಸಂಡಾಸಿನ ವಾಸನೆ ಬರುತ್ತದೆ ಎಂಬುದನ್ನು ಬೋಗಿಯ ನಕ್ಷೆ ನೋಡದೆಯೇ ಹೇಳಬಲ್ಲವರು ನಮ್ಮ ಮನೆಮನೆಯಲ್ಲಿದ್ದಾರೆ. ಅದೇ ಕಣ್ಣಿನಿಂದ ಥಾಯ್ಲೆಂಡಿನ ಒಂದು ರಾತ್ರಿ ಗಾಡಿಯನ್ನು ಅಳೆದು ನೋಡಿ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬ್ಯಾಂಕಾಕ್ ಮತ್ತು ಉತ್ತರದ ಚಿಯಾಂಗ್ ಮಾಯ್ ನಗರದ ನಡುವಿನ ಎರಡನೇ ದರ್ಜೆಯ ಹವಾನಿಯಂತ್ರಿತ ಸ್ಲೀಪರ್ ಕೊಟ್ಟ ಹಣಕ್ಕೆ ತಕ್ಕದ್ದು, ಆದರೆ ಕೆಳಗಿನ ಬರ್ತ್ ಸಿಕ್ಕರೆ ಮಾತ್ರ. ಮೇಲಿನ ಬರ್ತಿಗೂ ಕೆಳಗಿನದಕ್ಕೂ ಇರುವ ವ್ಯತ್ಯಾಸ ಅಲ್ಲಿನ ಹಣದಲ್ಲಿ ಸುಮಾರು ನೂರು ಬಾತ್. ಆ ನೂರು ಬಾತ್ ಉಳಿಸಲು ಹೋದವರು ಬೇರೆಯೇ ಒಂದು ಪ್ರಯಾಣವನ್ನು ಮಾಡಿರುತ್ತಾರೆ.

ಈ ಮಾರ್ಗದಲ್ಲಿ ರಾತ್ರಿ ಹೊತ್ತು ಒಂದಕ್ಕಿಂತ ಹೆಚ್ಚು ಗಾಡಿಗಳಿವೆ. ಅವೆಲ್ಲವೂ ಒಂದೇ ಬಗೆಯವಲ್ಲ ಎಂಬುದನ್ನು ಟಿಕೆಟ್ ತೆಗೆಯುವಾಗಲೇ ಗಮನಿಸಬೇಕು. ನಾನೂ ನನ್ನ ಅಕ್ಕನೂ ಹೋದದ್ದು 9ನೇ ಸಂಖ್ಯೆಯ ವಿಶೇಷ ಎಕ್ಸ್‌ಪ್ರೆಸ್‌ನಲ್ಲಿ. ಬ್ಯಾಂಕಾಕ್‌ನಿಂದ ಸಂಜೆ 6.40ಕ್ಕೆ ಹೊರಟು ಮರುದಿನ ಬೆಳಗ್ಗೆ 7.15ಕ್ಕೆ ಚಿಯಾಂಗ್ ಮಾಯ್ ತಲುಪುವುದು ಅದರ ವೇಳಾಪಟ್ಟಿ. ಚೀನಾದಲ್ಲಿ ತಯಾರಾಗಿ 2016ರಲ್ಲಿ ಓಡಾಟ ಆರಂಭಿಸಿದ ಹೊಸ ಬೋಗಿಗಳು ಇದಕ್ಕಿವೆ. ಉಳಿದ ರಾತ್ರಿ ಗಾಡಿಗಳು ಹಳೆಯ ಬೋಗಿಗಳವು. ದರ ತುಸು ಕಡಿಮೆ, ಮಲಗುವ ವ್ಯವಸ್ಥೆ ಹೆಚ್ಚುಕಡಿಮೆ ಇದೇ ರೀತಿಯದು. ನಾವು ಹೋದಾಗ 9ನೇ ಗಾಡಿಯ ಎರಡನೇ ದರ್ಜೆಯಲ್ಲಿ ಮೇಲಿನ ಬರ್ತಿಗೆ 941 ಬಾತ್, ಕೆಳಗಿನದಕ್ಕೆ 1,041 ಬಾತ್ ಇತ್ತು. ಒಂದು ಸಾವಿರ ಬಾತ್ ಎಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರದಿಂದ ಮೂರು ಸಾವಿರ ರೂಪಾಯಿಯ ಒಳಗೆ ಬರುತ್ತದೆ. ಅಷ್ಟೇ ದೂರಕ್ಕೆ ನಮ್ಮ ಥರ್ಡ್ ಎಸಿ ಇದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ ಎಂಬ ಮಾತು ನಿಜ. ಆದರೆ ಅದರಲ್ಲಿ ಏನು ಸಿಗುತ್ತದೆ, ಇದರಲ್ಲಿ ಏನು ಸಿಗುತ್ತದೆ ಎಂಬುದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಟಿಕೆಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಅಲ್ಲಿನ ರೈಲ್ವೆಯದೇ ಆದ ಅಧಿಕೃತ ಜಾಲತಾಣದಲ್ಲಿ ನೇರವಾಗಿ ಕೊಳ್ಳುವುದೇ ಲೇಸು. ಪರಿಚಯದವರೊಬ್ಬರ ಸಲಹೆಯಂತೆ ನಾವು ಹೋಗುವ ಟಿಕೆಟನ್ನು ಮಧ್ಯವರ್ತಿ ಜಾಲತಾಣವೊಂದರಲ್ಲಿ ತೆಗೆಸಿದೆವು. ಅವರು ಇಬ್ಬರಿಗೂ ಕೆಳಗಿನ ಬರ್ತ್ ಎಂದು ಹೇಳಿ ಅದರ ದರವನ್ನೂ, ಅದರ ಮೇಲೆ ತಮ್ಮ ಶುಲ್ಕವನ್ನೂ ತೆಗೆದುಕೊಂಡರು. ಕೊನೆಗೆ ಕೈಗೆ ಬಂದದ್ದು ಒಂದು ಕೆಳಗಿನದು, ಒಂದು ಮೇಲಿನದು. ಕೇಳಿದರೆ ಲಭ್ಯತೆಗೆ ಒಳಪಟ್ಟಿರುತ್ತದೆ ಎಂಬ ಸಿದ್ಧ ಉತ್ತರ ಬಂತು, ಹಣ ಬರಲಿಲ್ಲ. ಅಧಿಕೃತ ತಾಣದಲ್ಲಾದರೆ ಬೋಗಿಯ ನಕ್ಷೆಯೇ ಕಣ್ಣ ಮುಂದೆ ಬರುತ್ತದೆ, ಬೇಕಾದ ಬರ್ತನ್ನು ನಾವೇ ಮುಟ್ಟಿ ಆರಿಸಿಕೊಳ್ಳಬಹುದು. ನಮ್ಮಲ್ಲಿನಂತೆ ಆರ್‌ಎಸಿ, ವೇಟಿಂಗ್ ಲಿಸ್ಟ್ ಎಂಬ ಆಸೆ ಹುಟ್ಟಿಸುವ ಏರ್ಪಾಡು ಅಲ್ಲಿಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕೆಳಗಿನ ಬರ್ತುಗಳು ಮೊದಲು ಖಾಲಿಯಾಗುವುದರಿಂದ ದಿನಾಂಕ ಖಚಿತವಾದ ಕೂಡಲೇ ತೆಗೆದಿಡುವುದು ಒಳ್ಳೆಯದು. ಅದರಲ್ಲೂ ಏಪ್ರಿಲ್ 13ರಿಂದ 15ರವರೆಗೆ ಅವರ ಹೊಸ ವರ್ಷದ ಸಾಂಗ್‌ಕ್ರಾನ್ ಹಬ್ಬ. ಯುಗಾದಿಗೆ ಬೆಂಗಳೂರಿನಿಂದ ನಮ್ಮ ಕಡೆ ಬರುವ ಗಾಡಿಗಳಲ್ಲಿ ಟಿಕೆಟ್ ಹುಡುಕಿದ ಅನುಭವವಿರುವವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ.

ಗಾಡಿ ಹೊರಡುವುದು ಈಗ ಕ್ರುಂಗ್ ಥೇಪ್ ಅಪಿವಟ್ ಎಂಬ ಹೊಸ ನಿಲ್ದಾಣದಿಂದ. ನೂರು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಾಕ್‌ನ ಮುಖ್ಯ ನಿಲ್ದಾಣವಾಗಿದ್ದ ಹುವಾ ಲಂಫೋಂಗ್‌ನಿಂದ ದೂರಪ್ರಯಾಣದ ಗಾಡಿಗಳನ್ನು 2023ರ ಜನವರಿಯಲ್ಲಿ ಇಲ್ಲಿಗೆ ವರ್ಗಾಯಿಸಿದರು. ಹಳೆಯ ಪ್ರವಾಸ ಬರಹಗಳನ್ನು ಓದಿಕೊಂಡು ಹೋಗುವವರು ತಪ್ಪಿ ಹುವಾ ಲಂಫೋಂಗ್‌ಗೆ ಆಟೋ ಹಿಡಿಯುವ ಸಾಧ್ಯತೆ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮೆಟ್ರೋದ ನೀಲಿ ಮಾರ್ಗದಲ್ಲಿ ಬಾಂಗ್ ಸೂ ಎಂಬಲ್ಲಿ ಇಳಿದರೆ ನಿಲ್ದಾಣದ ಒಳಗೇ ಬರುತ್ತೇವೆ. ನಿಲ್ದಾಣ ಬಹಳ ದೊಡ್ಡದು, ಬಹಳ ಸ್ವಚ್ಛ, ಮತ್ತು ನನ್ನ ಮಟ್ಟಿಗೆ ತುಸು ನೀರಸ. ಪ್ಲಾಟ್‌ಫಾರ್ಮಿಗೆ ಮೊದಲೇ ಹೋಗಿ ಕಾಯಲು ಬಿಡುವುದಿಲ್ಲ; ವಿಮಾನ ನಿಲ್ದಾಣದಲ್ಲಿನಂತೆ ಕೆಳಗಿನ ಸಭಾಂಗಣದಲ್ಲಿ ಕೂತು, ಗೇಟು ತೆರೆದ ಮೇಲೆ ಟಿಕೆಟ್ ತೋರಿಸಿ ಎಸ್ಕಲೇಟರ್ ಏರಬೇಕು. ಸಂಜೆ 6 ಗಂಟೆಗೆ ಸರಿಯಾಗಿ ರಾಷ್ಟ್ರಗೀತೆ ಮೊಳಗಿತು. ಓಡುತ್ತಿದ್ದವರು, ಸೂಟ್‌ಕೇಸ್ ಎಳೆಯುತ್ತಿದ್ದವರು, ಕೈಯಲ್ಲಿ ಊಟದ ಡಬ್ಬಿ ಹಿಡಿದವರು ಎಲ್ಲರೂ ಇದ್ದಲ್ಲೇ ನಿಂತರು. ಆ ದೇಶದಲ್ಲಿ ಬೆಳಗ್ಗೆ 8ಕ್ಕೆ ಮತ್ತು ಸಂಜೆ 6ಕ್ಕೆ ಸಾರ್ವಜನಿಕ ಸ್ಥಳಗಳಲ್ಲಿ ಹೀಗೆ ನಿಲ್ಲುವುದು ನಡೆದುಬಂದ ಪದ್ಧತಿ. ಪರಊರಿನವರಾದ ನಾವೂ ನಿಲ್ಲುವುದು ಸೌಜನ್ಯ.

ಇನ್ನು ಬೋಗಿಯ ಒಳಗಿನ ಮಾತು, ಅಂದರೆ ಈ ವಿಮರ್ಶೆಯ ತಿರುಳು. ನಮ್ಮ ಥರ್ಡ್ ಎಸಿಯಲ್ಲಿ ಅಡ್ಡಲಾಗಿ ಮೂರು ಮೂರು ಬರ್ತುಗಳು, ಎದುರಿಗೆ ಉದ್ದಕ್ಕೆ ಸೈಡ್ ಲೋವರ್ ಮತ್ತು ಸೈಡ್ ಅಪ್ಪರ್ ಇರುತ್ತವಲ್ಲವೇ? ಅಲ್ಲಿ ಅಡ್ಡ ಬರ್ತುಗಳೇ ಇಲ್ಲ. ನಡುವೆ ಓಡಾಡುವ ದಾರಿ, ಅದರ ಎರಡೂ ಬದಿಗೆ ಹಳಿಗೆ ಸಮಾನಾಂತರವಾಗಿ ಸೈಡ್ ಲೋವರ್, ಸೈಡ್ ಅಪ್ಪರ್‌ಗಳೇ ಬೋಗಿಯ ತುದಿಯವರೆಗೆ ಸಾಲಾಗಿವೆ. ಮಿಡ್ಲ್ ಬರ್ತ್ ಎಂಬ ಶಿಕ್ಷೆ ಇಲ್ಲದ್ದರಿಂದ ಕೆಳಗಿನವರು ನೆಟ್ಟಗೆ ಬೆನ್ನು ಮಾಡಿ ಕೂರಬಹುದು. ನಮ್ಮ ಥರ್ಡ್ ಎಸಿ ಬೋಗಿಯಲ್ಲಿ 64ರಿಂದ 72 ಜನ ಮಲಗುವಲ್ಲಿ ಇಲ್ಲಿ ಮಲಗುವವರು ಸುಮಾರು 40 ಜನ. ಒಂದೊಂದು ಬರ್ತಿಗೂ ದಪ್ಪನೆಯ ಪರದೆ, ಓದುವ ದೀಪ, ಮೊಬೈಲ್ ಚಾರ್ಜಿಗೆ ಪ್ಲಗ್ ಇದೆ. ನಮ್ಮ ಸೈಡ್ ಲೋವರ್‌ನಲ್ಲಿ ಎರಡು ಸೀಟು ಮಡಚಿದಾಗ ನಡುವೆ ಒಂದು ಸಂದು ಉಳಿದು, ರಾತ್ರಿಯಿಡೀ ಸೊಂಟಕ್ಕೆ ಒತ್ತುತ್ತಿರುತ್ತದೆಯಲ್ಲ, ಆ ಸಂದು ಇಲ್ಲಿ ಗೊತ್ತಾಗುವುದಿಲ್ಲ, ಏಕೆಂದರೆ ಸೀಟಿನ ಮೇಲೆ ಬೇರೆಯೇ ಒಂದು ಹಾಸಿಗೆ ಬರುತ್ತದೆ.

ಆ ಹಾಸಿಗೆ ಹಾಸುವ ಕ್ರಮವನ್ನು ನಾನು ಎರಡು ಮೂರು ಬರ್ತುಗಳ ಆಚೆಯಿಂದಲೇ ನೋಡುತ್ತ ನಿಂತೆ. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಸಮವಸ್ತ್ರ ಧರಿಸಿದ ಸಹಾಯಕಿ ಬಂದು, ನಮ್ಮನ್ನು ಎಬ್ಬಿಸಿ ದಾರಿಯಲ್ಲಿ ನಿಲ್ಲಿಸಿದಳು. ಎದುರುಬದುರಿನ ಎರಡು ಸೀಟುಗಳನ್ನು ಎಳೆದು ಒಂದಕ್ಕೊಂದು ಕೂಡಿಸಿದಳು. ಚಾವಣಿಗೆ ಒರಗಿದ್ದ ಮೇಲಿನ ಬರ್ತನ್ನು ಕೀಲಿ ತಿರುಗಿಸಿ ಇಳಿಸಿದಳು, ಅದರೊಳಗೆ ಮಡಚಿಟ್ಟಿದ್ದ ಹಾಸಿಗೆಗಳನ್ನು ತೆಗೆದು ಒಂದನ್ನು ಮೇಲೆ, ಒಂದನ್ನು ಕೆಳಗೆ ಬಿಡಿಸಿದಳು. ಪ್ಲಾಸ್ಟಿಕ್ ಚೀಲ ಹರಿದು ಬಿಳಿ ಚಾದರ ತೆಗೆದು, ನಾಲ್ಕೂ ಮೂಲೆಗಳನ್ನು ಹಾಸಿಗೆಯ ಕೆಳಗೆ ಸೇರಿಸಿ, ಅಂಗೈಯಿಂದ ಒಮ್ಮೆ ನೀವಿದಳು. ದಿಂಬಿಗೆ ಗಲೀಫು ಏರಿಸಿದಳು, ಹೊದಿಯುವ ರಗ್ಗನ್ನು ಕಾಲ ಬಳಿ ಇಟ್ಟಳು, ಪರದೆಯನ್ನು ಕೊಕ್ಕೆಗಳಿಗೆ ಸಿಕ್ಕಿಸಿ ಮುಂದಿನ ಬರ್ತಿಗೆ ನಡೆದಳು. ಇಷ್ಟೆಲ್ಲ ಮುಗಿಯಲು ನಾಲ್ಕೈದು ನಿಮಿಷ ಹಿಡಿದಿರಬಹುದು. ನಮ್ಮಲ್ಲಿ ಕಂದು ಕಾಗದದ ಚೀಲವನ್ನು ಎಸೆದು ಹೋದ ಮೇಲೆ ಅರವತ್ತು ದಾಟಿದವರು ಸಹ ಕತ್ತು ಬಗ್ಗಿಸಿಕೊಂಡು ತಮ್ಮ ಹಾಸಿಗೆಯನ್ನು ತಾವೇ ಹಾಸಿಕೊಳ್ಳಬೇಕಾಗುತ್ತದೆ. ಒಂದು ಸಾವಿರ ಬಾತ್‌ನಲ್ಲಿ ದೊಡ್ಡ ಪಾಲು ನಾವು ಕೊಡುವುದು ಈ ನಾಲ್ಕೈದು ನಿಮಿಷಕ್ಕೆ ಎಂದು ನನಗನ್ನಿಸಿತು, ಮತ್ತು ಕೊಟ್ಟದ್ದಕ್ಕೆ ಬೇಸರವಾಗಲಿಲ್ಲ. ಅಂದಹಾಗೆ, ಸೂಟ್‌ಕೇಸಿಗೆ ಚೈನು ಬಿಗಿದವರು ಇಡೀ ಬೋಗಿಯಲ್ಲಿ ನಾವಿಬ್ಬರೇ. ಅಭ್ಯಾಸ ಬಿಡುವುದಿಲ್ಲ.

ಕೆಳಗಿನ ಬರ್ತ್ ಅಗಲ, ಅದಕ್ಕೆ ದೊಡ್ಡ ಕಿಟಕಿ ಇದೆ. ಮೇಲಿನದು ಕಿರಿದು, ಕಿಟಕಿ ಇಲ್ಲ, ಕಡಿದಾದ ಏಣಿ ಹತ್ತಬೇಕು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಅವರು ಅಷ್ಟಾಗಿ ಬರೆಯದ ವಿಷಯವೆಂದರೆ ಬೆಳಕು. ಈ ಗಾಡಿಗಳ ಎರಡನೇ ದರ್ಜೆಯಲ್ಲಿ ನಡುದಾರಿಯ ದೀಪಗಳನ್ನು ರಾತ್ರಿಯಿಡೀ ಉರಿಸುವುದು ವಾಡಿಕೆ. ಕೆಳಗಿನವರ ಪರದೆ ಮತ್ತು ಮೇಲಿನ ಬರ್ತಿನ ಹಲಗೆ ಸೇರಿ ಒಂದು ಕತ್ತಲ ಕೋಣೆಯೇ ಆಗಿಬಿಡುತ್ತದೆ. ಮೇಲಿನವರಿಗೋ ಚಾವಣಿಯ ದೀಪವೇ ನೆರೆಹೊರೆ, ಪರದೆಯ ಮೇಲಂಚಿನಿಂದ ಬೆಳಕು ನೇರ ಮುಖಕ್ಕೆ ಬೀಳುತ್ತದೆ. ಎಸಿಯ ಗಾಳಿಯೂ ಹಾಗೆಯೇ. ಥಾಯ್ಲೆಂಡಿನ ರೈಲುಗಳ ಎಸಿ ಅತಿ ತಂಪು ಎಂಬುದು ಪ್ರಸಿದ್ಧವಾದ ಸಂಗತಿ, ಆ ತಂಪು ಮೊದಲು ತಟ್ಟುವುದು ಮೇಲಿನವರಿಗೆ. ಹೋಗುವಾಗ ಕೆಳಗೆ ಮಲಗಿದ್ದ ಅಕ್ಕ ಬೆಳಗಿನವರೆಗೆ ಕಣ್ಣು ಬಿಡಲಿಲ್ಲ. ಬರುವಾಗ ಮೇಲಿನ ಬರ್ತ್ ಹೇಗಿದೆ ನೋಡಿಯೇ ಬಿಡುತ್ತೇನೆಂದು ಹಟ ಹಿಡಿದು ಏರಿದವಳು ನಡುರಾತ್ರಿಯಲ್ಲಿ ತಲೆ ಇಳಿಬಿಟ್ಟು, "ಇದೇನವ್ವಾ, ದವಾಖಾನಿ ಐಸಿಯುದಾಗ ಮಲಗಿದಂಗ ಅದ ನೋಡು. ಲೈಟ್ ಬಂದ್ ಮಾಡಂಗಿಲ್ಲ, ಥಂಡಿನೂ ಕಮ್ಮಿ ಮಾಡಂಗಿಲ್ಲ," ಎಂದು ಪಿಸುಗುಟ್ಟಿದಳು. ನಾನು ನನ್ನ ಶಾಲನ್ನು ಮೇಲಕ್ಕೆ ಕೊಟ್ಟೆ. ಕಲಬುರಗಿಯ ಮೇ ತಿಂಗಳಲ್ಲಿ 42 ಡಿಗ್ರಿ ಉಂಡು ಬೆಳೆದವರಿಗೆ ಆ ಚಳಿ ನಿಜಕ್ಕೂ ಹೊಸದು. ಸ್ವೆಟರ್, ಕಾಲುಚೀಲ, ಕಣ್ಣಿಗೆ ಕಟ್ಟುವ ಪಟ್ಟಿ ಇವು ಮೂರನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಸೂಟ್‌ಕೇಸಿನ ತಳದಲ್ಲಿಟ್ಟರೆ ಪರದೆಗಳ ನಡುವೆ ಅದನ್ನು ಬಿಚ್ಚಲು ಜಾಗವಿರುವುದಿಲ್ಲ.

ಗಾಡಿಯ ಓಟದ ಬಗ್ಗೆಯೂ ಒಂದು ಮಾತು. ಥಾಯ್ಲೆಂಡಿನ ಹಳಿ ಮೀಟರ್ ಗೇಜ್, ಅಂದರೆ 1,000 ಮಿಲಿಮೀಟರ್ ಅಗಲ. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್. ಸೊಲ್ಲಾಪುರ–ಗದಗ ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ವಿಜಯಪುರದ ಕಡೆ ಓಡಾಡಿದ ಹಿರಿಯರಿಗೆ ಆ ಓಲಾಟ ನೆನಪಿರಬಹುದು. ಸೋಜಿಗವೆಂದರೆ ಬ್ಯಾಂಕಾಕ್‌ನಿಂದ ಉತ್ತರಕ್ಕೆ ಹೋಗುವ ಈ ಮಾರ್ಗವನ್ನು ಮೊದಲು ಹಾಕಿದ್ದು 1,435 ಮಿಲಿಮೀಟರ್ ಅಗಲಕ್ಕೆ. ದಕ್ಷಿಣದ ಮಾರ್ಗ ಮಲಯಾದ (ಇಂದಿನ ಮಲೇಷ್ಯಾದ) ಹಳಿಗೆ ಕೂಡಬೇಕಾಗಿದ್ದರಿಂದ ಮೀಟರ್ ಗೇಜ್‌ನಲ್ಲಿತ್ತು. ಎರಡನ್ನೂ ಒಂದೇ ಜಾಲವಾಗಿಸಲು ಕೊನೆಗೆ ಉತ್ತರದ ಅಗಲ ಹಳಿಯನ್ನೇ ಕಿರಿದು ಮಾಡಿದರು. ನಮ್ಮಲ್ಲಿ ನಡೆದದ್ದಕ್ಕೆ ತದ್ವಿರುದ್ಧ. ಇದರ ಫಲವನ್ನು ಇಂದಿಗೂ ಸೊಂಟ ಅನುಭವಿಸುತ್ತದೆ: ಸುಮಾರು 750 ಕಿಲೋಮೀಟರ್‌ಗೆ ಹನ್ನೆರಡೂವರೆ ಗಂಟೆ, ಅಂದರೆ ಗಂಟೆಗೆ ಸರಾಸರಿ 60 ಕಿಲೋಮೀಟರ್. ಗಾಡಿ ಅಕ್ಕಪಕ್ಕಕ್ಕೆ ಓಲಾಡುತ್ತದೆ, ಬೋಗಿಯ ತುದಿಯಲ್ಲಿ ಚಕ್ರದ ಮೇಲೆಯೇ ಬರುವ ಬರ್ತುಗಳಲ್ಲಿ ಕುಲುಕಾಟ ಹೆಚ್ಚು, ಮಧ್ಯದವುಗಳಲ್ಲಿ ಕಡಿಮೆ. ಟಿಕೆಟ್ ತೆಗೆಯುವಾಗ ಬೋಗಿಯ ನಡುವಿನ ಸಂಖ್ಯೆಗಳನ್ನು ಆರಿಸಿಕೊಳ್ಳಿ. ಬಾಗಿಲ ಸದ್ದೂ ಅಲ್ಲಿಗೆ ಬರುವುದಿಲ್ಲ.

ಊಟದ ವಿಚಾರದಲ್ಲಿ ಮಾಂಸಾಹಾರಿಗಳಿಗೆ ಯಾವ ತೊಂದರೆಯೂ ಇಲ್ಲ, ಗಾಡಿಯಲ್ಲೇ ಊಟದ ಬೋಗಿ ಇದೆ. ನಮ್ಮಂತಹ ಸಸ್ಯಾಹಾರಿಗಳು ಮಾತ್ರ ಗಾಡಿಯ ಊಟವನ್ನು ನೆಚ್ಚಿಕೊಳ್ಳಬಾರದು. ಕಾಯಿಪಲ್ಯದ ಊಟವೆಂದು ಕೊಟ್ಟದ್ದರಲ್ಲೂ ಮೀನಿನ ರಸ ಸೇರಿರುವುದು ಆ ದೇಶದ ಅಡುಗೆಯಲ್ಲಿ ಸಾಮಾನ್ಯ. ಅವರು 'ಜೇ' ಎಂದು ಕರೆಯುವ ಆಹಾರದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ. ಹಳದಿ ಬಣ್ಣದ ಮೇಲೆ ಕೆಂಪಕ್ಷರದಲ್ಲಿ, ನೋಡಲು ಇಂಗ್ಲಿಷಿನ 17ರಂತೆ ಕಾಣುವ ಗುರುತಿದ್ದರೆ ಧೈರ್ಯವಾಗಿ ಕೊಳ್ಳಬಹುದು. ನಗರದ ಅಂಗಡಿಗಳಲ್ಲಿ ಈ ಗುರುತಿನ ಪೊಟ್ಟಣಗಳು ಸಿಗುತ್ತವೆ, ಗಾಡಿ ಏರುವ ಮುನ್ನವೇ ತೆಗೆದುಕೊಳ್ಳಬೇಕು. ನಾವು ಊರಿನಿಂದಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆವು. ಜೊತೆಗೆ ಮೊಸರು ಕೊಂಡರೆ ರಾತ್ರಿಯ ಊಟ ಮುಗಿಯಿತು. ಅಲ್ಲಿನ ಮೊಸರಿನ ಡಬ್ಬಿಗಳು ಬಹುಪಾಲು ಸಿಹಿ ಬೆರೆಸಿದವು, ನೋಡಿ ಆರಿಸಬೇಕು. ರೊಟ್ಟಿ ಮುರಿಯುವ ಸದ್ದಿಗೆ ಎದುರಿನ ಬರ್ತಿನ ಮಗುವೊಂದು ಪರದೆ ಸರಿಸಿ ನೋಡಿತು. ಅಕ್ಕ ಒಂದು ಚೂರು ಕೊಟ್ಟಳು. ಅದು ಬಹಳ ಹೊತ್ತು ಜಗಿಯಿತು.

ನಾವು ಕೂತದ್ದು ಹೆಂಗಸರು ಮತ್ತು ಮಕ್ಕಳಿಗೆ ಮೀಸಲಾದ ಬೋಗಿಯಲ್ಲಿ. 2014ರಲ್ಲಿ ಆ ದೇಶದ ರಾತ್ರಿ ರೈಲೊಂದರಲ್ಲಿ ನಡೆದ ಘೋರ ಅಪರಾಧದ ನಂತರ ಇಂತಹ ಬೋಗಿಗಳನ್ನು ಆರಂಭಿಸಿದರು, ಅದೇ ವರ್ಷ ರೈಲುಗಳಲ್ಲಿ ಮದ್ಯದ ಮಾರಾಟ ಮತ್ತು ಸೇವನೆಯನ್ನೂ ನಿಷೇಧಿಸಿದರು. ಒಂಟಿಯಾಗಿ ಅಥವಾ ಹೆಣ್ಣುಮಕ್ಕಳಷ್ಟೇ ಸೇರಿ ಹೋಗುವವರಿಗೆ ನಾನು ಇದೇ ಬೋಗಿಯನ್ನು ಹೇಳುತ್ತೇನೆ. ದರದಲ್ಲಿ ವ್ಯತ್ಯಾಸವಿಲ್ಲ, ಮೊಬೈಲಿನಲ್ಲಿ ಜೋರಾಗಿ ವಿಡಿಯೋ ಹಾಕುವವರೂ ಇರಲಿಲ್ಲ. ಸಂಡಾಸುಗಳಲ್ಲಿ ನೀರಿನ ಪೈಪ್ ಇದೆ ಎಂಬುದನ್ನು ನಮ್ಮ ಓದುಗರಿಗೆ ತಪ್ಪದೆ ತಿಳಿಸಬೇಕು. ಯುರೋಪಿನ ರೈಲುಗಳಲ್ಲಿ ಬಾಟಲಿ ಹಿಡಿದು ಹೋಗಬೇಕಾದ ಕಷ್ಟ ಇಲ್ಲಿಲ್ಲ.

ಬೆಳಗಿನ ಜಾವವೇ ಈ ಗಾಡಿಯ ಅತ್ಯುತ್ತಮ ಹೊತ್ತು, ಮತ್ತು ಅದು ಕೂಡ ಕೆಳಗಿನ ಬರ್ತಿನವರಿಗಷ್ಟೇ ಸೇರಿದ್ದು. ರಾತ್ರಿಯಿಡೀ ಓಡಿದ ಗಾಡಿ ಲಂಪಾಂಗ್ ದಾಟಿದ ಮೇಲೆ ಕಾಡುಬೆಟ್ಟಗಳ ನಡುವೆ ನಿಧಾನವಾಗಿ ಏರತೊಡಗುತ್ತದೆ. ಖುನ್ ತಾನ್ ಎಂಬ ಬೆಟ್ಟದ ಸುರಂಗ 1,352 ಮೀಟರ್ ಉದ್ದ. ಜರ್ಮನ್ ಎಂಜಿನಿಯರ್ ಎಮಿಲ್ ಐಸೆನ್‌ಹೋಫರ್ ಅವರ ಮೇಲ್ವಿಚಾರಣೆಯಲ್ಲಿ 1907ರಲ್ಲಿ ಕೆಲಸ ಆರಂಭವಾಗಿ 1918ರಲ್ಲಿ ಮುಗಿಯಿತು. ಅದರ ನಡುವೆ 1917ರಲ್ಲಿ ಸಯಾಮ್ (ಆಗ ಥಾಯ್ಲೆಂಡಿಗಿದ್ದ ಹೆಸರು) ದೇಶ ಮೊದಲನೆಯ ಮಹಾಯುದ್ಧಕ್ಕೆ ಇಳಿದು ಜರ್ಮನಿಯ ವಿರುದ್ಧ ನಿಂತಿತು, ಅಲ್ಲಿದ್ದ ಜರ್ಮನ್ನರು ಬಂಧಿತರಾದರು, ಕೊನೆಯ ಹಂತವನ್ನು ಬೇರೆಯವರು ಮುಗಿಸಬೇಕಾಯಿತು. ಸುರಂಗದಿಂದ ಹೊರಬಂದ ಕೂಡಲೇ ಖುನ್ ತಾನ್ ನಿಲ್ದಾಣ. ಸಮುದ್ರಮಟ್ಟದಿಂದ 578 ಮೀಟರ್ ಎತ್ತರದಲ್ಲಿರುವ ಅದು ಆ ದೇಶದ ಅತಿ ಎತ್ತರದ ರೈಲು ನಿಲ್ದಾಣ. ಹೂವಿನ ಕುಂಡಗಳನ್ನು ಸಾಲಾಗಿ ಜೋಡಿಸಿಟ್ಟ ಆ ಸಣ್ಣ ನಿಲ್ದಾಣವನ್ನೂ, ಇಳಿಜಾರಿನಲ್ಲಿ ಬರುವ ಥಾ ಚೊಂಪು ಎಂಬ ಬಿಳಿಯ ಕಾಂಕ್ರೀಟ್ ಸೇತುವೆಯನ್ನೂ ನಾನು ಮೇಲಿನಿಂದ ಇಳಿದು ಬಂದು ಅಕ್ಕನ ಹಾಸಿಗೆಯಲ್ಲಿ ದಿಂಬಿಗೆ ಒರಗಿಯೇ ನೋಡಿದೆ. ಮೇಲಿನ ಬರ್ತಿನ ಉಳಿದವರು ಅಷ್ಟು ಹೊತ್ತಿಗೆ ಇಳಿದು ಬಂದು ನಡುದಾರಿಯಲ್ಲಿ ನಿಂತು ಬಗ್ಗಿ ನೋಡುತ್ತಿದ್ದರು. ಸಹಾಯಕಿಯರು ಹಾಸಿಗೆ ಸುತ್ತಲು ಬೇಗ ಬರುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಎಂದು ಕೈಸನ್ನೆ ಮಾಡಿದರೆ ನಕ್ಕು ಮುಂದಕ್ಕೆ ಹೋಗುತ್ತಾರೆ.

ಹಣದ ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳುವುದಾದರೆ, ಇದು ಅತಿ ಅಗ್ಗದ ದಾರಿಯಲ್ಲ. ಬ್ಯಾಂಕಾಕ್‌ನಿಂದ ಚಿಯಾಂಗ್ ಮಾಯ್‌ಗೆ ವಿಮಾನದಲ್ಲಿ ಸುಮಾರು ಒಂದೂಕಾಲು ಗಂಟೆ, ಮುಂಚಿತವಾಗಿ ತೆಗೆದರೆ ಕೆಲವೊಮ್ಮೆ ಇದೇ ದರಕ್ಕೆ ಸಿಗುತ್ತದೆ. ಬಸ್ಸು ಇನ್ನೂ ಕಡಿಮೆ. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಯುತ್ತದೆ ಎಂಬ ವಾದವೂ ಅರ್ಧ ಸತ್ಯ, ಏಕೆಂದರೆ ಬೆಳಗ್ಗೆ 7ಕ್ಕೆ ಇಳಿದವರಿಗೆ ಅಲ್ಲಿನ ಹೋಟೆಲುಗಳು ಮಧ್ಯಾಹ್ನದವರೆಗೆ ಕೋಣೆ ಕೊಡುವುದಿಲ್ಲ, ಹೆಚ್ಚೆಂದರೆ ಸಾಮಾನು ಇಟ್ಟುಕೊಳ್ಳುತ್ತಾರೆ. ಹಗಲು ಹಾಳಾಗದಂತೆ ನಿದ್ದೆಯಲ್ಲೇ ದೂರ ಕ್ರಮಿಸಬೇಕು, ಸೊಂಟ ನೆಟ್ಟಗಿರಬೇಕು, ಬೆಳಗ್ಗೆ ಬೆಟ್ಟ ಕಾಣಬೇಕು ಎನ್ನುವವರಿಗೆ ಇದು ಸರಿ. ಆರು ಅಡಿ ಮೀರಿದವರಿಗೆ, ಏಣಿ ಹತ್ತಲಾಗದ ಹಿರಿಯರಿಗೆ ಕೆಳಗಿನ ಬರ್ತ್ ಸಿಗದಿದ್ದರೆ ವಿಮಾನವೇ ವಾಸಿ. ಮೊದಲನೇ ದರ್ಜೆಯಲ್ಲಿ ಇಬ್ಬರಿಗೊಂದು ಬಾಗಿಲು ಹಾಕಿಕೊಳ್ಳುವ ಕೋಣೆ ಸಿಗುತ್ತದೆ. ಆದರೆ ಆ ದರ ಕೊಡುವವರಿಗೆ ಈ ವಿಮರ್ಶೆಯ ಅಗತ್ಯವಿರಲಾರದು.

ನಮ್ಮ ಶಾಲೆಗಳ ಬೇಸಿಗೆ ರಜೆಯನ್ನು ನೋಡಿಕೊಂಡು ಹೋಗುವವರು ಏಪ್ರಿಲ್ ಮೊದಲ ಭಾಗವನ್ನು ತಪ್ಪಿಸುವುದು ಒಳ್ಳೆಯದು. ಸಾಂಗ್‌ಕ್ರಾನ್ ಗದ್ದಲದ ಜೊತೆಗೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಆ ಭಾಗದಲ್ಲಿ ಹೊಲ ಮತ್ತು ಕಾಡು ಸುಡುವ ಹೊಗೆ ಕವಿದು ಬೆಟ್ಟಗಳು ಕಾಣುವುದೇ ಇಲ್ಲ, ಅಸ್ತಮಾ ಇರುವವರಿಗೆ ಉಸಿರಿಗೂ ತೊಂದರೆ. ದಸರೆಯ ನಂತರದಿಂದ ಜನವರಿಯವರೆಗಿನ ಕಾಲ ಪ್ರಶಸ್ತ. ಮರಳಿ ಬರುವ 10ನೇ ಸಂಖ್ಯೆಯ ಗಾಡಿ ಸಂಜೆ 6ರ ಹೊತ್ತಿಗೆ ಹೊರಡುವುದರಿಂದ ಬೆಟ್ಟದ ಭಾಗ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹಾಗಾಗಿ ಎರಡರಲ್ಲಿ ಒಂದು ಕಡೆ ಮಾತ್ರ ರೈಲು ಎನ್ನುವವರು ಹೋಗುವಾಗ ರೈಲನ್ನೂ ಬರುವಾಗ ವಿಮಾನವನ್ನೂ ಇಟ್ಟುಕೊಳ್ಳಲಿ. ಬರುವಾಗಲೂ ರೈಲೇ ಎನ್ನುವವರು ಹೈದರಾಬಾದ್ ವಿಮಾನವನ್ನು ಅಂದು ಬೆಳಗಿನದಕ್ಕೆ ತೆಗೆಯಬಾರದು. ಗಾಡಿ ಬ್ಯಾಂಕಾಕ್ ಮುಟ್ಟುವ ಸಮಯ ಬೆಳಗ್ಗೆ 7ರ ಆಸುಪಾಸು, ಅಲ್ಲಿಂದ ವಿಮಾನ ನಿಲ್ದಾಣ ಮತ್ತೂ ದೂರ, ಮತ್ತು ಗಾಡಿ ತಡವಾಗುವುದು ಯಾವ ದೇಶದಲ್ಲೂ ಹೊಸದಲ್ಲ.